ಡಿಜಿಟಲ್ ಕ್ಯಾಮೆರಾ ಮತ್ತು ವೀಡಿಯೊ ಪರಿಭಾಷೆ

ಕ್ಯಾಮೆರಾ, ಮೊಬೈಲ್ ಫೋನ್ ಅಥವಾ ಟಿವಿ ಕೊಳ್ಳಹೊರಟವರಿಗೆ ಎದುರಾಗುವ ತಾಂತ್ರಿಕ ಪದಗಳಲ್ಲಿ ಎರಡು ಬಗೆ. ಮೆಗಾಪಿಕ್ಸೆಲ್, 4ಕೆ, 8ಕೆ, 10ಎಕ್ಸ್ ಜೂಮ್, 60 ಎಫ್‌ಪಿಎಸ್ ಮುಂತಾದವು ಎಣಿಕೆಯ ಪದಗಳು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವವು ಇವೇ. ಸೆನ್ಸರ್‌ನ ಅಳತೆ, ಅಪರ್ಚರ್, ಬಿಟ್‌ರೇಟ್, ಕೋಡೆಕ್, ಬಿಟ್ ಡೆಪ್ತ್ ಮುಂತಾದವು ಸಾಮಾನ್ಯವಾಗಿ ಕೈಪಿಡಿಯ ಕೊನೆಯ ಪುಟಗಳ ಸಣ್ಣಕ್ಷರದಲ್ಲಿ ಉಳಿದುಬಿಡುತ್ತವೆ. ಆದರೆ ಚಿತ್ರದ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಎರಡನೆಯ ಗುಂಪು. ಯಾವುದೇ ಡಿಜಿಟಲ್ ಚಿತ್ರ ಎರಡು ಹಂತಗಳಲ್ಲಿ ನಷ್ಟಕ್ಕೆ ಒಳಗಾಗುತ್ತದೆ: ಮೊದಲು ಲೆನ್ಸ್ ಮೂಲಕ ಸೆನ್ಸರ್‌ಗೆ ಎಷ್ಟು ಬೆಳಕು ಸಿಕ್ಕಿತು ಎಂಬಲ್ಲಿ, ಆಮೇಲೆ ಸೆನ್ಸರ್ ಕಂಡದ್ದರಲ್ಲಿ ಎಷ್ಟು ಕಡತದಲ್ಲಿ ಉಳಿಯಿತು ಎಂಬಲ್ಲಿ. ಈ ಎರಡನ್ನೂ ಹೇಳದೆ ಬರೀ ಎಣಿಕೆ ಹೇಳುವುದು, ಅಗಲ ಹೇಳದೆ ಉದ್ದವನ್ನಷ್ಟೇ ಹೇಳಿ ಬಟ್ಟೆ ಮಾರಿದಂತೆ. ಮುಂದೆ ಬರುವ ಪದಗಳನ್ನೆಲ್ಲ ಈ ಒಂದು ಹಿಡಿಕೆಯಿಂದಲೇ ವಿವರಿಸಲಾಗಿದೆ.

ಬೆಳಕನ್ನು ವಿದ್ಯುತ್ತಾಗಿ ಹಿಡಿಯುವ ಸಿಸಿಡಿ ಎಂಬ ಬಿಲ್ಲೆಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ರೂಪಿಸಿದರು. 2009ರ ಭೌತಶಾಸ್ತ್ರ ನೊಬೆಲ್‌ನಲ್ಲಿ ಅವರಿಗೆ ಪಾಲು ದೊರೆಯಿತು. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾ 100 × 100 ಬಿಂದುಗಳ, ಅಂದರೆ 0.01 ಮೆಗಾಪಿಕ್ಸೆಲ್‌ನ ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದೇ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಜಾಲರಿ ಇಂದಿಗೂ ಬಹುಪಾಲು ಕ್ಯಾಮೆರಾಗಳಲ್ಲಿದೆ. ಸೆನ್ಸರ್‌ನ ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ. ಅರ್ಧದಷ್ಟು ಬಿಂದುಗಳು ಹಸಿರು, ಕಾಲು ಭಾಗ ಕೆಂಪು, ಉಳಿದ ಕಾಲು ನೀಲಿ. ಹೀಗಾಗಿ 12 ಮೆಗಾಪಿಕ್ಸೆಲ್ ಕ್ಯಾಮೆರಾ ನಿಜಕ್ಕೂ ಅಳೆಯುವುದು 60 ಲಕ್ಷ ಹಸಿರು, 30 ಲಕ್ಷ ಕೆಂಪು, 30 ಲಕ್ಷ ನೀಲಿ ಬಿಂದುಗಳನ್ನು ಮಾತ್ರ. ಪ್ರತಿ ಬಿಂದುವಿಗೂ ಬೇಕಾದ ಉಳಿದೆರಡು ಬಣ್ಣಗಳನ್ನು ಕ್ಯಾಮೆರಾದ ಗಣಕ ಅಕ್ಕಪಕ್ಕದ ಬಿಂದುಗಳನ್ನು ನೋಡಿ ಅಂದಾಜು ಮಾಡುತ್ತದೆ. ಅಂದರೆ ನಾವು ನೋಡುವ ಚಿತ್ರದ ಬಣ್ಣದ ಮಾಹಿತಿಯಲ್ಲಿ ಮೂರರಲ್ಲಿ ಎರಡು ಪಾಲು ಲೆಕ್ಕಾಚಾರದ ಫಲ. 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಎರಿಕ್ ಫೋಸಮ್ ಅವರ ತಂಡ ಬೆಳೆಸಿದ ಸಿಮಾಸ್ ಸೆನ್ಸರ್ ಅಗ್ಗವೂ ಮಿತವಿದ್ಯುತ್ತಿನದೂ ಆಗಿದ್ದರಿಂದ ಕ್ಯಾಮೆರಾ ಫೋನಿನೊಳಗೆ ಸೇರಿತು.

ಮೆಗಾಪಿಕ್ಸೆಲ್ ಎಂದರೆ ಹತ್ತು ಲಕ್ಷ ಬಿಂದು. ಇದು ಕ್ಷೇತ್ರದ ಲೆಕ್ಕವಾದ್ದರಿಂದ ಕಿವಿಗೆ ಕೇಳಿಸುವಷ್ಟು ವ್ಯತ್ಯಾಸ ಕಣ್ಣಿಗೆ ಕಾಣದು. 4000 × 3000 ಬಿಂದುಗಳ 12 ಮೆಗಾಪಿಕ್ಸೆಲ್‌ನಿಂದ 8000 × 6000ದ 48 ಮೆಗಾಪಿಕ್ಸೆಲ್‌ಗೆ ಹೋದಾಗ ಎಣಿಕೆ ನಾಲ್ಕು ಪಟ್ಟಾದರೂ ಒಂದು ಗೆರೆಯ ಮೇಲಿನ ವಿವರ ಹೆಚ್ಚುವುದು ಎರಡು ಪಟ್ಟು. 12ರಿಂದ 24ಕ್ಕೆ ಹೋದರೆ 1.4 ಪಟ್ಟು ಮಾತ್ರ. ಅಗತ್ಯವೆಷ್ಟು ಎಂದು ನೋಡಿದರೆ, ಸ್ಟುಡಿಯೊದಲ್ಲಿ 6 × 4 ಇಂಚಿನ ಪ್ರಿಂಟ್ ಹಾಕಿಸಲು ಇಂಚಿಗೆ 300 ಬಿಂದುಗಳಂತೆ 1800 × 1200, ಅಂದರೆ ಸುಮಾರು 2.2 ಮೆಗಾಪಿಕ್ಸೆಲ್ ಸಾಕು. ಗೋಡೆಗೆ ಹಾಕುವ 12 × 8 ಇಂಚಿನ ಚಿತ್ರಕ್ಕೂ 9 ಮೆಗಾಪಿಕ್ಸೆಲ್ ಬೇಕಾಗದು. ಇದಕ್ಕಿಂತ ಗಟ್ಟಿಯಾದ ಮಿತಿಯನ್ನು ಬೆಳಕೇ ಹಾಕುತ್ತದೆ. ಯಾವ ದೋಷವೂ ಇಲ್ಲದ ಲೆನ್ಸ್ ಕೂಡ ಒಂದು ಚುಕ್ಕೆಯನ್ನು ಚುಕ್ಕೆಯಾಗಿಯೇ ಮೂಡಿಸಲಾರದು. ವಿವರ್ತನೆಯಿಂದಾಗಿ ಅದು ಸಣ್ಣ ಬಿಲ್ಲೆಯಾಗಿ ಹರಡುತ್ತದೆ. ಎಫ್/1.8 ಅಪರ್ಚರ್‌ನಲ್ಲಿ (ಈ ಪದದ ವಿವರ ಮುಂದಿದೆ) ಹಸಿರು ಬೆಳಕಿನ ಈ ಬಿಲ್ಲೆಯ ವ್ಯಾಸ ಸುಮಾರು 2.4 ಮೈಕ್ರಾನ್. 100, 200 ಮೆಗಾಪಿಕ್ಸೆಲ್ ಎಂದು ಸಾರುವ ಫೋನುಗಳಲ್ಲಿ ಒಂದು ಬಿಂದುವಿನ ಅಗಲ ಒಂದು ಮೈಕ್ರಾನಿಗಿಂತ ಕಡಿಮೆ. ಒಂದೇ ಚುಕ್ಕೆ ಹಲವು ಬಿಂದುಗಳ ಮೇಲೆ ಚೆಲ್ಲಿಕೊಂಡ ಮೇಲೆ ಆ ಬಿಂದುಗಳನ್ನು ಬೇರೆ ಬೇರೆಯಾಗಿ ಎಣಿಸಿದರೂ ಹೊಸ ವಿವರ ಹೆಚ್ಚೇನೂ ಸಿಗುವುದಿಲ್ಲ. ತಯಾರಕರಿಗೂ ಇದು ಗೊತ್ತು. ಅದಕ್ಕೇ ಇಂಥ ಸೆನ್ಸರ್‌ಗಳು ಸಾಮಾನ್ಯ ಬಳಕೆಯಲ್ಲಿ ನಾಲ್ಕು, ಒಂಬತ್ತು ಅಥವಾ ಹದಿನಾರು ಬಿಂದುಗಳನ್ನು ಕೂಡಿಸಿ ಒಂದಾಗಿ ಓದುತ್ತವೆ. ಪಿಕ್ಸೆಲ್ ಬಿನ್ನಿಂಗ್ ಎಂದರೆ ಇದೇ. 108 ಮೆಗಾಪಿಕ್ಸೆಲ್ ಒಂಬತ್ತರಿಂದ ಭಾಗವಾಗಿ 12 ಆಗುತ್ತದೆ. 200 ಮೆಗಾಪಿಕ್ಸೆಲ್ ಹದಿನಾರರಿಂದ ಭಾಗವಾಗಿ 12.5 ಆಗುತ್ತದೆ. ಪೆಟ್ಟಿಗೆಯ ಮೇಲಿನ ಸಂಖ್ಯೆಗಳ ನಡುವೆ ಅಷ್ಟು ಅಂತರವಿದ್ದರೂ ಫೋನಿನ ಗ್ಯಾಲರಿಗೆ ಬಂದು ಬೀಳುವ ಚಿತ್ರಗಳು ಹೆಚ್ಚುಕಡಿಮೆ ಒಂದೇ ಗಾತ್ರದವು.

ಬೆಳಕಿನ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಸೆನ್ಸರ್‌ನ ಕ್ಷೇತ್ರ. ಬೆಳಕು ಕಣಕಣವಾಗಿ, ಮಳೆಹನಿಯಷ್ಟೇ ಅನಿಯಮಿತವಾಗಿ ಬರುತ್ತದೆ. ಒಂದು ಜಾಗಕ್ಕೆ ಸರಾಸರಿ 100 ಫೋಟಾನ್ ಬೀಳುವಲ್ಲಿ ಏರಿಳಿತ ಸುಮಾರು 10, ಅಂದರೆ ಶೇ. 10. ಅಲ್ಲಿ 10,000 ಫೋಟಾನ್ ಬಿದ್ದರೆ ಏರಿಳಿತ 100, ಅಂದರೆ ಶೇ. 1 ಮಾತ್ರ. ಸಂಜೆಯ ಚಿತ್ರಗಳಲ್ಲಿ ಕಾಣುವ ಮರಳಿನಂಥ ಕಾಳುಕಾಳು, ಛಾಯಾಗ್ರಾಹಕರು ನಾಯ್ಸ್ ಎನ್ನುವುದು, ಮುಖ್ಯವಾಗಿ ಈ ಏರಿಳಿತವೇ. ಇದಕ್ಕೆ ನೇರವಾದ ಮದ್ದು ಹೆಚ್ಚು ಬೆಳಕನ್ನು ಕೂಡಿಹಾಕುವುದು, ಅದಕ್ಕೆ ಬೇಕಾದ್ದು ಹೆಚ್ಚು ಜಾಗ. ಫುಲ್ ಫ್ರೇಮ್ ಸೆನ್ಸರ್ 36 × 24 ಮಿ.ಮೀ., ಅಂದರೆ 864 ಚದರ ಮಿ.ಮೀ.; ಎಪಿಎಸ್-ಸಿ ಎಂಬುದು ಸುಮಾರು 367; ಮೈಕ್ರೊ ಫೋರ್ ಥರ್ಡ್ಸ್ 225; ಹಳೆಯ ಜೇಬುಗ್ಯಾಮೆರಾಗಳ 1/2.3 ಇಂಚಿನದು ಬರೀ 28. ಮೊದಲನೆಯದಕ್ಕೂ ಕೊನೆಯದಕ್ಕೂ ಮೂವತ್ತು ಪಟ್ಟು ಅಂತರವಿದ್ದರೂ ಎರಡರ ಮೇಲೂ 20 ಮೆಗಾಪಿಕ್ಸೆಲ್ ಎಂದೇ ಬರೆದಿರಬಹುದು. ಇಂಚಿನ ಲೆಕ್ಕ ಗೊಂದಲವನ್ನು ಇನ್ನೂ ಹೆಚ್ಚಿಸುತ್ತದೆ. ಒಂದು ಇಂಚಿನ ಸೆನ್ಸರ್ ಎನಿಸಿಕೊಂಡದ್ದು ನಿಜದಲ್ಲಿ 13.2 × 8.8 ಮಿ.ಮೀ.; ಅದರ ಕರ್ಣ ಸುಮಾರು 16 ಮಿ.ಮೀ., ಇಂಚೆಂದರೆ 25.4 ಮಿ.ಮೀ. ಹಳೆಯ ಟಿವಿ ಕ್ಯಾಮೆರಾಗಳಲ್ಲಿದ್ದ ವಿಡಿಕಾನ್ ಗಾಜಿನ ಕೊಳವೆಯ ಹೊರವ್ಯಾಸವನ್ನು ಹೇಳುತ್ತಿದ್ದ ರೂಢಿ, ಕೊಳವೆ ಹೋದರೂ ಉಳಿದುಕೊಂಡಿದೆ. ಗ್ರಾಹಕರು ಮಿಲಿಮೀಟರಿನಲ್ಲಿ ಉದ್ದ, ಅಗಲಗಳನ್ನೇ ಕೇಳಿ ತಿಳಿಯುವುದು ಒಳ್ಳೆಯದು.

ಸೆನ್ಸರ್‌ಗೆ ಬೆಳಕು ಬಿಡುವ ಕಂಡಿ ಅಪರ್ಚರ್. ಲೆನ್ಸ್‌ನ ನಾಭಿದೂರವನ್ನು ಈ ಕಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಎಫ್/2.8ಕ್ಕೆ ಹೋಲಿಸಿದರೆ ಎಫ್/5.6ರಲ್ಲಿ ಸೆನ್ಸರ್‌ನ ಪ್ರತಿ ಚದರ ಮಿ.ಮೀ.ಗೆ ಬೀಳುವ ಬೆಳಕು ಕಾಲು ಭಾಗ. ಜೂಮ್ ಲೆನ್ಸ್ ಮೇಲೆ 3.5–5.6 ಎಂದಿದ್ದರೆ ದೂರದ್ದನ್ನು ಹತ್ತಿರಕ್ಕೆ ಎಳೆದಂತೆ ಬೆಳಕು ತಗ್ಗುತ್ತದೆ ಎಂದು ಅರ್ಥ. ಫೋನಿನ ಎಫ್/1.8 ಎಂಬ ಸಂಖ್ಯೆ ಕ್ಯಾಮೆರಾ ಲೆನ್ಸ್‌ಗಳ ಮುಂದೆ ಬಹಳ ಉದಾರವಾಗಿ ಕಾಣುತ್ತದೆ, ಆದರೆ ಅದು ಚದರ ಮಿಲಿಮೀಟರಿನ ಲೆಕ್ಕ. ಸುಮಾರು 70 ಚದರ ಮಿ.ಮೀ. ಸೆನ್ಸರ್ ಇರುವ ಒಳ್ಳೆಯ ಫೋನು ಎಫ್/1.8ರಲ್ಲಿ ಒಟ್ಟು ಕೂಡಿಹಾಕುವ ಬೆಳಕು, ಫುಲ್ ಫ್ರೇಮ್ ಕ್ಯಾಮೆರಾ ಅಷ್ಟೇ ಹೊತ್ತಿನಲ್ಲಿ ಸುಮಾರು ಎಫ್/6ರಲ್ಲಿ ಕೂಡಿಹಾಕುವಷ್ಟೇ. ಐಎಸ್‌ಒ ಎಂಬುದನ್ನು ಬೆಳಕು ಹೆಚ್ಚಿಸುವ ಗುಂಡಿ ಎಂದು ತಿಳಿದವರು ಬಹಳ. ಅದು ಬಂದ ಸಂಕೇತವನ್ನು ಹಿಗ್ಗಿಸುತ್ತದೆ, ಬಾರದ ಬೆಳಕನ್ನು ತರುವುದಿಲ್ಲ. 100ರಿಂದ 3200ಕ್ಕೆ ಏರಿಸಿದಾಗ ಚಿತ್ರ ಒರಟಾಗಲು ಕಾರಣ ಐಎಸ್‌ಒ ಸಂಖ್ಯೆಗಿಂತ ಹೆಚ್ಚಾಗಿ, ಅಷ್ಟು ಏರಿಸಬೇಕಾಗಿ ಬಂದ ಬೆಳಕಿನ ಕೊರತೆ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ: ಇಂದಿನ ಫೋನುಗಳು ಲೆಕ್ಕಾಚಾರದ ಬಲದಿಂದಲೇ ರಾತ್ರಿಯ ಚಿತ್ರಗಳನ್ನು ತಿಳಿಯಾಗಿ ತೆಗೆಯುತ್ತಿವೆಯಲ್ಲ, ಸೆನ್ಸರ್‌ನ ಗಾತ್ರ ಹಳೆಯ ಮಾತಾಗಲಿಲ್ಲವೆ? ಫೋನಿನ ನೈಟ್ ಮೋಡ್ ನಿಜವಾಗಿಯೂ ದೊಡ್ಡ ಸಾಧನೆ. ಅದು ಹಲವು ಫ್ರೇಮುಗಳನ್ನು ಬೆನ್ನುಬೆನ್ನಿಗೆ ತೆಗೆದು, ಕೈ ಅಲುಗಿದ್ದನ್ನು ಸರಿಹೊಂದಿಸಿ, ಒಂದರ ಮೇಲೊಂದು ಕೂಡಿಸುತ್ತದೆ. ಒಂಬತ್ತು ಫ್ರೇಮ್ ಕೂಡಿಸಿದರೆ ನಾಯ್ಸ್ ಮೂರನೇ ಒಂದಕ್ಕೆ ಇಳಿಯುತ್ತದೆ. ಆದರೆ ಅದು ಮಾಡಿದ್ದಾದರೂ ಏನು? ಜಾಗ ಸಾಲದಿರುವಲ್ಲಿ ಹೊತ್ತನ್ನು ಕೊಟ್ಟು ಅದೇ ಬೆಳಕನ್ನು ಸಂಪಾದಿಸಿತು. ಗೋಪುರ, ಬೆಟ್ಟ, ದೀಪಾಲಂಕಾರ ಇವು ಅಷ್ಟು ಹೊತ್ತು ನಿಲ್ಲುತ್ತವೆ. ಕುಣಿಯುವ ಯಕ್ಷಗಾನದ ವೇಷ, ಓಡುವ ಮಗು ನಿಲ್ಲುವುದಿಲ್ಲ. ವೀಡಿಯೊದಲ್ಲಂತೂ ಸೆಕೆಂಡಿಗೆ 25 ಫ್ರೇಮ್ ಬೇಕೆಂದರೆ ಒಂದೊಂದಕ್ಕೂ ಸಿಗುವುದು ಹೆಚ್ಚೆಂದರೆ 1/25 ಸೆಕೆಂಡು. ಒಂದೇ ಫೋನು ಕತ್ತಲಲ್ಲಿ ಚೆಂದದ ಫೋಟೊ ತೆಗೆದು ಕೆಟ್ಟ ವೀಡಿಯೊ ತೆಗೆಯುವುದು ಇದರಿಂದಲೇ. ಆಕ್ಷೇಪ ಮುಂದಿಟ್ಟ ಉದಾಹರಣೆಯೇ ಬೆಳಕಿನ ವಾದವನ್ನು ಗಟ್ಟಿಮಾಡುತ್ತದೆ.

ಜೂಮ್ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಕ್ಯಾಮೆರಾದಲ್ಲಿ 10ಎಕ್ಸ್ ಎಂದರೆ ಅತಿ ಉದ್ದದ ನಾಭಿದೂರಕ್ಕೂ ಅತಿ ಚಿಕ್ಕದಕ್ಕೂ ಇರುವ ಅನುಪಾತ, ಉದಾಹರಣೆಗೆ 24ರಿಂದ 240 ಮಿ.ಮೀ.; ಫೋನಿನಲ್ಲಿ 5ಎಕ್ಸ್ ಎಂದರೆ ಸಾಮಾನ್ಯವಾಗಿ ಅದರ ಮುಖ್ಯ ಕ್ಯಾಮೆರಾಕ್ಕಿಂತ ಐದು ಪಟ್ಟು. ಎರಡೂ ಬೇರೆ ಲೆಕ್ಕ, ಹೋಲಿಸಬಾರದು. ಆಪ್ಟಿಕಲ್ ಜೂಮ್‌ನಲ್ಲಿ ಲೆನ್ಸ್ ಕೆಲಸ ಮಾಡುತ್ತದೆ. ಡಿಜಿಟಲ್ ಜೂಮ್ ಎಂದರೆ ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದು, 12 ಮೆಗಾಪಿಕ್ಸೆಲ್‌ನಲ್ಲಿ 2ಎಕ್ಸ್ ಮಾಡಿದರೆ ಉಳಿಯುವುದು 3 ಮೆಗಾಪಿಕ್ಸೆಲ್. ಅಲುಗಾಟ ತಡೆಯುವಲ್ಲೂ ಇದೇ ಭೇದ: ಒಐಎಸ್ ಲೆನ್ಸನ್ನೋ ಸೆನ್ಸರನ್ನೋ ಸರಿಸಿ ತಡೆಯುತ್ತದೆ, ಇಐಎಸ್ ಅಂಚುಗಳನ್ನು ಬಲಿಕೊಟ್ಟು ತಡೆಯುತ್ತದೆ.

ವೀಡಿಯೊದ ಎಣಿಕೆಯ ಪದಗಳಿಗೆ ಬಂದರೆ, ಎಚ್‌ಡಿ 1280 × 720 ಬಿಂದುಗಳು, ಫುಲ್ ಎಚ್‌ಡಿ 1920 × 1080, ಮನೆಯ ಟಿವಿಯ 4ಕೆ 3840 × 2160, 8ಕೆ 7680 × 4320. ಸಿನಿಮಾ ಮಂದಿರದ 4ಕೆ ಬೇರೆ, ಅದು 4096 × 2160. ಹಿಂದೆ 720, 1080 ಎಂದು ಎತ್ತರದ ಗೆರೆಗಳನ್ನು ಎಣಿಸುತ್ತಿದ್ದವರು 4ಕೆ ಬಂದಾಗ ಅಗಲದ ಬಿಂದುಗಳನ್ನು ಎಣಿಸತೊಡಗಿದರು. ಹೀಗಾಗಿ 1080ರಿಂದ ನಾಲ್ಕು ಸಾವಿರಕ್ಕೆ ಹಾರಿದಂತೆ ತೋರಿದರೂ ಎತ್ತರ, ಅಗಲ ಎರಡೂ ಹೆಚ್ಚಿದ್ದು ಎರಡೆರಡೇ ಪಟ್ಟು. ಇದರಲ್ಲಿ ಎಷ್ಟು ಕಣ್ಣಿಗೆ ದಕ್ಕುತ್ತದೆ ಎಂಬುದಕ್ಕೂ ಲೆಕ್ಕವಿದೆ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲದ್ದು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವನ್ನು. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂ.ಮೀ.; ಫುಲ್ ಎಚ್‌ಡಿಯಲ್ಲಿ ಒಂದು ಬಿಂದು ಅರ್ಧ ಮಿ.ಮೀ. 1.7 ಮೀಟರಿಗಿಂತ ಹಿಂದೆ ಕುಳಿತರೆ ಆ ಬಿಂದುಗಳೇ ಬಿಡಿಬಿಡಿಯಾಗಿ ಕಾಣುವುದಿಲ್ಲ, ಅವನ್ನು ಇನ್ನೂ ಚಿಕ್ಕದು ಮಾಡಿದ್ದರಿಂದ ಲಾಭ ಅಲ್ಪ. ಹಾಗೆಂದು 4ಕೆ ಚಿತ್ರೀಕರಣವೇ ವ್ಯರ್ಥ ಎಂದರೆ ತಪ್ಪಾದೀತು. ಸಂಕಲನದಲ್ಲಿ ಚೌಕಟ್ಟನ್ನು ಕತ್ತರಿಸಲು, ಅಲುಗಾಟ ಸರಿಪಡಿಸಲು ಹೆಚ್ಚಿನ ಬಿಂದುಗಳು ನೆರವಾಗುತ್ತವೆ. 4ಕೆಯಲ್ಲಿ ತೆಗೆದು ಫುಲ್ ಎಚ್‌ಡಿಗೆ ಇಳಿಸಿದ ಚಿತ್ರ, ನೇರವಾಗಿ ಫುಲ್ ಎಚ್‌ಡಿಯಲ್ಲಿ ತೆಗೆದದ್ದಕ್ಕಿಂತ ಹಲವು ಸಲ ತೀಕ್ಷ್ಣವಾಗಿರುತ್ತದೆ. ಬೆಳಕೂ ಬಿಟ್‌ರೇಟೂ (ಸೆಕೆಂಡಿಗೆ ಬರೆಯುವ ಬಿಟ್‌ಗಳ ಸಂಖ್ಯೆ) ಸಾಕಷ್ಟಿದ್ದಾಗ ಮಾತ್ರ ಈ ಲಾಭ.

ಎಫ್‌ಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದು. ಸಿನಿಮಾ 24ಕ್ಕೆ ಒಗ್ಗಿತು. ವಿದ್ಯುತ್ ಸರಬರಾಜು 50 ಹರ್ಟ್ಸ್ ಇರುವ ಭಾರತದಂಥ ದೇಶಗಳ ಟಿವಿ 25ಕ್ಕೆ, 60 ಹರ್ಟ್ಸ್‌ನ ಅಮೆರಿಕ ಸುಮಾರು 30ಕ್ಕೆ. ಈ ಹಳೆಯ ಭೇದ ಇಂದು ನಮ್ಮ ಫೋನುಗಳಲ್ಲಿ ಕಾಟ ಕೊಡುತ್ತದೆ. ಇಲ್ಲಿನ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಶಟರ್ 1/50 ಅಥವಾ 1/100 ಸೆಕೆಂಡು ತೆರೆದರೆ ಪ್ರತಿ ಫ್ರೇಮಿಗೂ ಪೂರ್ಣ ಏರಿಳಿತಗಳು ಸಿಗುತ್ತವೆ. 1/60 ಸೆಕೆಂಡು ತೆರೆದರೆ ಒಂದು ಫ್ರೇಮಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೆಳಕು ಬಿದ್ದು ವೀಡಿಯೊದಲ್ಲಿ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಫ್ಲಿಕರ್ ತಡೆ ಎಂದಿರುವಲ್ಲಿ 50 ಹರ್ಟ್ಸ್ ಆರಿಸಿದರೆ ಬಹುಪಾಲು ಸರಿಹೋಗುತ್ತದೆ. ಸಿಮಾಸ್ ಸೆನ್ಸರ್ ಚಿತ್ರವನ್ನು ಒಮ್ಮೆಗೇ ಅಲ್ಲದೆ ಸಾಲುಸಾಲಾಗಿ ಮೇಲಿನಿಂದ ಕೆಳಗೆ ಓದುವುದೂ ಈ ಪಟ್ಟಿಗಳಿಗೆ ಕಾರಣ. ಬಸ್ಸಿನ ಕಿಟಕಿಯಿಂದ ತೆಗೆದ ವೀಡಿಯೊದಲ್ಲಿ ವಿದ್ಯುತ್ ಕಂಬಗಳು ವಾಲಿಕೊಂಡಂತೆ ಕಾಣುವುದೂ ಇದರಿಂದಲೇ, ಇದಕ್ಕೆ ರೋಲಿಂಗ್ ಶಟರ್ ಎನ್ನುತ್ತಾರೆ. 60 ಅಥವಾ 120 ಎಫ್‌ಪಿಎಸ್ ಆಟೋಟಕ್ಕೂ ನಿಧಾನಗತಿಗೂ ಬೇಕು. ಆದರೆ ಫ್ರೇಮುಗಳು ಇಮ್ಮಡಿಯಾದಾಗ ಒಂದೊಂದಕ್ಕೆ ಸಿಗಬಹುದಾದ ಬೆಳಕಿನ ಹೊತ್ತು ಅರ್ಧಕ್ಕಿಳಿಯುತ್ತದೆ ಎಂಬುದನ್ನು ಮರೆಯುವಂತಿಲ್ಲ. 1080ಐ, 1080ಪಿ ಎಂಬಲ್ಲಿ ಐ ಎಂದರೆ ಒಂದು ಬಿಟ್ಟು ಒಂದು ಗೆರೆಯನ್ನು ಸರದಿಯಲ್ಲಿ ಕಳಿಸುವುದು, ಪಿ ಎಂದರೆ ಇಡೀ ಫ್ರೇಮನ್ನು ಕಳಿಸುವುದು.

ಎರಡನೆಯ ನಷ್ಟ ಸಂಕೋಚನದಲ್ಲಿ ಆಗುತ್ತದೆ. ಪ್ರತಿ ಬಿಂದುವಿಗೆ 24 ಬಿಟ್‌ನಂತೆ ಸೆಕೆಂಡಿಗೆ 30 ಫ್ರೇಮಿನ 4ಕೆ ವೀಡಿಯೊವನ್ನು ಇದ್ದಹಾಗೇ ಬರೆದರೆ ಸೆಕೆಂಡಿಗೆ ಸುಮಾರು 600 ಕೋಟಿ ಬಿಟ್ ಬೇಕು. ಗ್ರಾಹಕ ಕ್ಯಾಮೆರಾಗಳು ಬರೆಯುವುದು ಸಾಮಾನ್ಯವಾಗಿ 50ರಿಂದ 100 ಎಂಬಿಪಿಎಸ್, ಅಂದರೆ 5ರಿಂದ 10 ಕೋಟಿ ಬಿಟ್. ಉಳಿದದ್ದನ್ನು ಬಿಟ್ಟರೂ ಚಿತ್ರ ಚಿತ್ರವಾಗಿಯೇ ಉಳಿಯುವುದಕ್ಕೆ ಕಾರಣವಾದ ಗಣಿತದಲ್ಲಿ ಬೆಂಗಳೂರಿನವರೊಬ್ಬರ ಪಾಲು ದೊಡ್ಡದು, ಕರ್ನಾಟಕದಲ್ಲಿ ಅವರ ಹೆಸರು ಸಲ್ಲಬೇಕಾದಷ್ಟು ಪ್ರಚಾರ ಪಡೆದಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹಮದ್, ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿದ್ದಾಗ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ವಿಧಾನವನ್ನು ರೂಪಿಸಿದರು. 1972ರಲ್ಲಿ ಅದಕ್ಕಾಗಿ ಕೇಳಿದ ಸಂಶೋಧನಾ ಅನುದಾನ ಸಿಗಲಿಲ್ಲ. 1974ರಲ್ಲಿ ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಅವರು ಅದನ್ನು ಪ್ರಕಟಿಸಿದರು. ಈ ವಿಧಾನದಲ್ಲಿ ಚಿತ್ರದ 8 × 8 ಬಿಂದುಗಳ ಒಂದೊಂದು ಚೌಕವನ್ನೂ 64 ಅಲೆಗಳ ಮೊತ್ತವಾಗಿ ಬರೆಯಲಾಗುತ್ತದೆ. ನಿಧಾನವಾಗಿ ಏರಿಳಿಯುವ ಅಲೆಗಳು ಬಹುಪಾಲು ಚಿತ್ರವನ್ನು ಹೊತ್ತಿರುತ್ತವೆ, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ಅಲೆಗಳನ್ನು ಒರಟಾಗಿ ಬರೆಯಬಹುದು ಅಥವಾ ಕೈಬಿಡಬಹುದು. ಜೆಪೆಗ್ ಚಿತ್ರವೂ ಎಂಪೆಗ್ ವೀಡಿಯೊವೂ ಇದರ ಮೇಲೆ ನಿಂತಿವೆ, 2003ರ ಎಚ್.264, 2013ರ ಎಚ್.265 ಇದರದೇ ಪೂರ್ಣಾಂಕ ರೂಪಗಳನ್ನು ಬಳಸುತ್ತವೆ.

ಹೀಗೆ ವೀಡಿಯೊವನ್ನು ಕುಗ್ಗಿಸುವ ವಿಧಾನವೇ ಕೋಡೆಕ್. ಅದು ಇನ್ನೂ ಒಂದು ಕೆಲಸ ಮಾಡುತ್ತದೆ: ಒಂದು ಪೂರ್ಣ ಫ್ರೇಮ್ ಬರೆದು, ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತದೆ. ಕುಳಿತು ಮಾತಾಡುವವರ ವೀಡಿಯೊ ಕಡಿಮೆ ಬಿಟ್‌ರೇಟಿನಲ್ಲೂ ಚೆನ್ನಾಗಿರುವುದು ಇದರಿಂದ. ಮದುವೆಯಲ್ಲಿ ಅಕ್ಷತೆ ಹಾರಿದ ಕ್ಷಣ, ಜೋಗದ ನೀರಿನ ಧಾರೆ, ಸುರಿಯುವ ಮಳೆ ಇವುಗಳಲ್ಲಿ ಪ್ರತಿ ಫ್ರೇಮೂ ಹೊಸದು. ಬಿಟ್‌ರೇಟ್ ಸಾಲದೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಅಲ್ಲಿ 4ಕೆ ಎಂಬ ಹೆಸರು ಕಾಪಾಡದು. ಸಾಕಷ್ಟು ಬಿಟ್‌ರೇಟ್ ಇರುವ ಫುಲ್ ಎಚ್‌ಡಿ, ಹಸಿದ 4ಕೆಗಿಂತ ಮೇಲು. ಎಂಪಿ4, ಎಂಒವಿ, ಎಂಕೆವಿ ಎಂಬುವು ಕೋಡೆಕ್‌ಗಳಲ್ಲ, ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಇಡುವ ಕಂಟೇನರ್‌ಗಳು. ಎಂಪಿ4 ಕಡತವೊಂದು ಹಳೆಯ ಟಿವಿಯಲ್ಲಿ ಓಡಿ ಇನ್ನೊಂದು ಓಡದಿರುವುದು ಒಳಗಿನ ಕೋಡೆಕ್ ಬೇರೆ ಇರುವುದರಿಂದ. 4:2:0 ಎಂದರೆ ಬೆಳಕಿನ ವಿವರವನ್ನು ಪೂರ್ತಿ ಇಟ್ಟು, ಬಣ್ಣದ ವಿವರವನ್ನು ಕಾಲು ಭಾಗಕ್ಕೆ ಇಳಿಸಿದ್ದು. ಬಿಟ್ ಡೆಪ್ತ್ 8 ಬಿಟ್ ಇದ್ದರೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್ ಇದ್ದರೆ 1024; ಮುಸ್ಸಂಜೆಯ ಆಕಾಶದಲ್ಲಿ ಪಟ್ಟೆ ಮೂಡದಿರಲು, ಆಮೇಲೆ ಬಣ್ಣ ತಿದ್ದಲು ಎರಡನೆಯದು ಉತ್ತಮ. ಎಚ್‌ಡಿಆರ್ ಎಂಬ ಒಂದೇ ಹೆಸರಿನಲ್ಲಿ ಎರಡು ಸಂಗತಿಗಳಿವೆ: ಫೋಟೊದಲ್ಲಿ ಅದು ಬೇರೆ ಬೇರೆ ಪ್ರಮಾಣದ ಬೆಳಕಿನಲ್ಲಿ ತೆಗೆದವನ್ನು ಬೆಸೆಯುವುದು, ಟಿವಿಯಲ್ಲಿ ಹೆಚ್ಚು ಪ್ರಖರತೆಯನ್ನು ತೋರಿಸಬಲ್ಲ ಸಂಕೇತಪದ್ಧತಿ. ವಾಟ್ಸ್‌ಆ್ಯಪ್‌ನಲ್ಲಿ ವೀಡಿಯೊವಾಗಿ ಕಳಿಸಿದ್ದು ಮತ್ತೊಮ್ಮೆ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಕಡತವೇ ತಲುಪುತ್ತದೆ.

ಇಷ್ಟನ್ನೆಲ್ಲ ಕೊಳ್ಳುವವರು ತಿಳಿಯುವುದು ಆಗದ ಮಾತು, ಒಂದು ಸರಳ ಸಂಖ್ಯೆ ಬೇಕೇ ಬೇಕು ಎಂಬ ವಾದದಲ್ಲಿ ನ್ಯಾಯವಿದೆ. ಆದರೆ ಸರಳ ಸಂಖ್ಯೆ ಎಂದರೆ ಮೆಗಾಪಿಕ್ಸೆಲ್ಲೇ ಆಗಬೇಕೆಂದಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಚಿತ್ರ ತೆಗೆಯಬಹುದು ಎಂಬುದಕ್ಕೆ ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾ ಒಂದೇ ಅಳತೆಕ್ರಮವನ್ನು ತಂದಿದೆ, ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳನ್ನು ಅದರಿಂದ ಹೋಲಿಸಬಹುದು. ಮೆಮೊರಿ ಕಾರ್ಡಿನಲ್ಲೂ ಇಂಥ ಪ್ರಾಮಾಣಿಕ ಗುರುತಿದೆ. ಕಾರ್ಡಿನ ಮೇಲೆ ದೊಡ್ಡದಾಗಿ ಬರೆದ ವೇಗ ಹೆಚ್ಚಾಗಿ ಓದುವ ಗರಿಷ್ಠ ವೇಗ. ಪಕ್ಕದಲ್ಲಿ ಚಿಕ್ಕದಾಗಿರುವ ವಿ30 ಎಂಬುದು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ಭರವಸೆ. ಒಂದು ಬೈಟ್‌ಗೆ 8 ಬಿಟ್ ಆದ್ದರಿಂದ 100 ಎಂಬಿಪಿಎಸ್ ವೀಡಿಯೊಗೆ ಬೇಕಾದ್ದು ಸೆಕೆಂಡಿಗೆ 12.5 ಮೆಗಾಬೈಟ್ ಮಾತ್ರ, ವಿ30 ಧಾರಾಳವಾಗಿ ಸಾಕು. ಗಂಟೆಗೆ 45 ಗಿಗಾಬೈಟ್ ತುಂಬುವ ಈ ವೀಡಿಯೊಗೆ 64 ಗಿಗಾಬೈಟಿನ ಕಾರ್ಡ್ ಒಂದೂವರೆ ಗಂಟೆಯೊಳಗೇ ಮುಗಿಯುತ್ತದೆ. ಮದುವೆ, ಆಟ, ಸಮಾರಂಭಗಳಿಗೆ ಹೊರಡುವವರು ಬಿಟ್‌ರೇಟನ್ನು ಮೊದಲು ನೋಡಿಕೊಂಡು, ಕಾರ್ಡುಗಳ ಲೆಕ್ಕವನ್ನು ಅದರಿಂದ ಹಾಕಬೇಕು.